ದೀಪ ಹಚ್ಚುವ ಹಾಡು

ಈಗ ನಾವಿರುವ ಪರದೇಶದ ಬಡಾವಣೆ ಪಾಯಿಂಟ್ ಕುಕ್‌ನ ನಮ್ಮ ಬೀದಿಗೆ ಸಂಜೆ ಐಸ್‌ಕ್ರೀಮ್ ವ್ಯಾನ್ ಹಾಡು ಹಾಕಿಕೊಂಡು ಬಂದರೆ ನನ್ನ ಕೈ ಬೆಂಕಿಪೊಟ್ಟಣ ಹುಡುಕುತ್ತದೆ.

ಅಪ್ಪನಿಗೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ನಾನು ಬೆಳೆದದ್ದು ಜಪಾನಿನ ದ್ವೀಪವೊಂದರ ಪುಟ್ಟ ಊರಿನಲ್ಲಿ. ಅಲ್ಲಿ ಸಂಜೆ ಐದಕ್ಕೆ ಪುರಸಭೆಯವರು ಲೌಡ್‌ಸ್ಪೀಕರ್‌ನಲ್ಲಿ ಒಂದು ಹಾಡು ಹಾಕುತ್ತಿದ್ದರು. ಮಕ್ಕಳು ಆಟ ಬಿಟ್ಟು ಮನೆಗೆ ಹೋಗಲಿ ಎಂದು. ಮೈಸೂರಿನ ನಮ್ಮಮ್ಮ ಅದನ್ನು ಕೇಳಿಯೇ ದೇವರಿಗೆ ದೀಪ ಹಚ್ಚುತ್ತಿದ್ದಳು. ಗಡಿಯಾರ ನೋಡುತ್ತಲೇ ಇರಲಿಲ್ಲ.

ಆಮೇಲೆ ಪುರಸಭೆ ಮುಚ್ಚಿ ನಮ್ಮ ಊರನ್ನು ಆಚೆ ದಡದ ದೊಡ್ಡ ನಗರಕ್ಕೆ ಸೇರಿಸಿದರು. ಅಂದು ಸಂಜೆ ನಮ್ಮ ಹಾಡಿನ ಬದಲು ನಗರದ ಹಾಡು ಬಂತು. ನಮ್ಮದಲ್ಲವೆಂದು ನಾನು ದೋಣಿ ನಿಲ್ಲುವ ಕಟ್ಟೆಯ ಮೇಲೆ ಕೂತೇ ಇದ್ದೆ. ಕತ್ತಲಾದಾಗ ಅಪ್ಪ ಹುಡುಕಿಕೊಂಡು ಬಂದರು. ಮನೆಯಲ್ಲಿ ದೀಪವೂ ಹಚ್ಚಿರಲಿಲ್ಲ.

"ನಮ್ಮ ಹಾಡು ಇನ್ನೂ ಬಂದಿಲ್ವಲ್ಲ," ಎಂದಳು ಅಮ್ಮ.

"ಊರೇ ಇಲ್ಲ ಅಂದ್ಮೇಲೆ ಹಾಡು ಎಲ್ಲಿಂದ ಬರತ್ತೆ?" ಎಂದರು ಅಪ್ಪ.

ಊರು ಕಿಟಕಿಯಾಚೆ ಅಲ್ಲೇ ಇತ್ತು. ಅಪ್ಪ ಹೇಳಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಿನ್ನೆಯೂ ವ್ಯಾನ್ ಬಂತು. "ಅಮ್ಮಾ, ಇಟ್ಸ್ ಜಸ್ಟ್ ದಿ ಐಸ್‌ಕ್ರೀಮ್ ವ್ಯಾನ್," ಎಂದಳು ಮಗಳು. ಗೊತ್ತು ಎಂದೆ. ಇಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವುದು ತಡ; ಹೊರಗೆ ಇನ್ನೂ ಸುಡುಬಿಸಿಲು. ದೀಪ ಆಗಲೇ ಉರಿಯುತ್ತಿತ್ತು.