ಖಾಲಿ ಕೊಳಕ್ಕೆ ಇಳಿಯುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಒಂದು ಮನೆಯ ಹಿತ್ತಲಲ್ಲಿ, ಈಜುಕೊಳದ ಅಂಚಿಗೆ ಕೆನ್ನೆ ತಾಗಿಸಿ, ಐವತ್ತು ದಾಟಿದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಒಂದು ಕಣ್ಣು ಮುಚ್ಚಿದೆ. ಇನ್ನೊಂದು ಅಂಚಿನ ಉದ್ದಕ್ಕೂ ಓಡುತ್ತಿದೆ. ಕೊಳದಲ್ಲಿ ನೀರಿಲ್ಲ. ತಳದಲ್ಲಿ ಒಣಗಿದ ಎಲೆ, ಒಂಟಿ ಪ್ಲಾಸ್ಟಿಕ್ ಚಪ್ಪಲಿ.

"ಎದ್ದಿದೆ," ಎನ್ನುತ್ತಾರೆ ಅವರು, ಮಲಗಿದಲ್ಲಿಂದಲೇ. "ಆ ತುದಿ ನಾಲ್ಕು ಬೆರಳು ಮೇಲೆ ಬಂದಿದೆ."

"ಏನು ಎದ್ದಿದೆ?" ಮನೆಯೊಡತಿ ಕೇಳುತ್ತಾರೆ.

"ನಿಮ್ಮ ಕೊಳ, ಅಮ್ಮಾ. ದೋಣಿ ಥರ."

ಬೇಲಿಯ ಪಕ್ಕ ಕೈ ಕಟ್ಟಿ ನಿಂತಿರುವ ಯುವ ಕಂಟ್ರಾಕ್ಟರ್ ತಕ್ಷಣ ಬಾಯಿ ಹಾಕುತ್ತಾರೆ. "ಅಕ್ಕ, ಅದನ್ನೇ ನಾನೂ ಹೇಳಿದ್ದು..."

"ನೀನು ಹೇಳಿದ್ದು ಗೊತ್ತು. ನೀವಿಬ್ಬರೂ ಹೇಳಿ ಹೇಳಿ ಸಾಕಾಗಿ ತಾನೆ ನನ್ನ ಕರೆದಿದ್ದು? ಸ್ವಲ್ಪ ಹೊತ್ತು ಸುಮ್ಮನಿರಪ್ಪ."

ಇವರನ್ನು ಎಲ್ಲರೂ ಮಟ್ಟದಕ್ಕ ಎಂದು ಕರೆಯುತ್ತಾರೆ. ಕೈಚೀಲದಲ್ಲಿ ಸದಾ, ನೆಲ ಸಮವಾಗಿದೆಯೇ ಎಂದು ನೋಡುವ ಒಂದು ಹಳೆಯ ರಸಮಟ್ಟ ಇರುವುದರಿಂದ ಬಂದ ಹೆಸರು. ಈಜುಕೊಳ, ಹಿತ್ತಲಿನ ಕಲ್ಲುಹಾಸು, ನೀರಿನ ತೊಟ್ಟಿ ಇಂಥವನ್ನು ಕಟ್ಟಿಸಿದವರಿಗೂ ಕಟ್ಟಿದವರಿಗೂ ಜಗಳ ಬಿದ್ದಾಗ, ಅದು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಬಗೆಹರಿಸುವುದು ಇವರ ಕೆಲಸ. ಬೋರ್ಡಿಲ್ಲ, ಆಫೀಸಿಲ್ಲ. ಒಂದು ಚೀಲ, ಒಂದು ನೀಲಿ ಬಕೆಟ್ಟು. ಕೂಲಿಯನ್ನು ಕೆಲಸಕ್ಕೆ ಮೊದಲೇ ಇಬ್ಬರಿಂದಲೂ ಅರ್ಧರ್ಧ ತೆಗೆದುಕೊಳ್ಳುತ್ತಾರೆ. "ಒಬ್ಬರೇ ಕೊಟ್ರೆ ಅವರ ಕಡೆ ವಾಲಿಬಿಡ್ತೀನಿ. ನಾನೇನು ದೇವರಾ?" ಎಂದು ನಗುತ್ತಾರೆ.

ಬರುವುದು ಮಾತ್ರ ನಸುಕಿನಲ್ಲೇ. ಆಗ ಗಾಳಿ ಇರುವುದಿಲ್ಲ, ಪಂಪು ಶುರುವಾಗಿರುವುದಿಲ್ಲ, ನೀರು ಅಲ್ಲಾಡದೆ ನಿಂತಿರುತ್ತದೆ. ಜನವೂ ಆಗ ಸ್ವಲ್ಪ ತಣ್ಣಗಿರುತ್ತಾರಂತೆ. ವಾರಕ್ಕೆ ನಾಲ್ಕೈದು ಹಿತ್ತಲು ನೋಡುತ್ತಾರೆ. ಕೆಲವು ಜಗಳಗಳು ಮಧ್ಯಾಹ್ನದೊಳಗೆ ಮುಗಿಯುತ್ತವೆ. ಕೆಲವಕ್ಕೆ ತಿಂಗಳು ಹಿಡಿಯುತ್ತದೆ.

ಹೆಚ್ಚಿನವು ಸಣ್ಣವು. ಕಾಲಿಟ್ಟರೆ ಅಲುಗುವ ಕಲ್ಲು. ತಟ್ಟಿದರೆ ಟೊಳ್ಳು ಸದ್ದು ಕೊಡುವ ಟೈಲ್ಸು. ಮನೆಯ ಕಡೆಗೇ ಹರಿದುಬರುವ ಮಳೆನೀರು. ಕಲ್ಲುಹಾಸಿನ ಇಳಿಜಾರು ಹೇಗಿದೆ ಎಂದು ನೋಡಲು ಅವರು ಒಂದು ಮಗ್ ನೀರನ್ನು ಬಾಗಿಲ ಮುಂದೆ ಸುರಿದು ಸುಮ್ಮನೆ ಕುಕ್ಕುರುಗಾಲಲ್ಲಿ ಕೂರುತ್ತಾರೆ. ನೀರು ನಿಲ್ಲುವವರೆಗೆ ಯಾರೂ ಮಾತಾಡುವಂತಿಲ್ಲ. ಎರಡೂ ಕಡೆಯವರು ಆ ನೀರಿನ ಹಿಂದೆಯೇ ಕಣ್ಣು ಹಾಯಿಸುತ್ತ ನಿಲ್ಲುತ್ತಾರೆ. ದೊಡ್ಡ ದೊಡ್ಡ ಕೆಲಸದಲ್ಲಿರುವವರೂ ಮಕ್ಕಳ ಹಾಗೆ ಬಗ್ಗಿ ನೋಡುತ್ತಾರೆ.

ಬಕೆಟ್ಟಿನ ಕೆಲಸ ಬೇರೆ. ಕೊಳದ ನೀರು ಇಳಿಯುತ್ತಿದೆ ಎಂಬ ದೂರು ಬಂದರೆ, ಬಕೆಟ್ಟಿಗೆ ಕೊಳದ್ದೇ ನೀರು ತುಂಬಿಸಿ ಒಳಗಿನ ಮೆಟ್ಟಿಲ ಮೇಲೆ ಇಡುತ್ತಾರೆ. ಬಕೆಟ್ಟಿನಲ್ಲೊಂದು ಗೆರೆ, ಕೊಳದ ಗೋಡೆಯ ಮೇಲೊಂದು ಗೆರೆ. ಮರುದಿನ ಎರಡೂ ಒಂದೇ ಸಮ ಇಳಿದಿದ್ದರೆ ಆವಿಯಾಗಿದೆ ಎಂದರ್ಥ. ಕೊಳದ್ದು ಮಾತ್ರ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬೇಸಿಗೆಯಲ್ಲಿ ಒಬ್ಬ ಯಜಮಾನರು ಕಂಟ್ರಾಕ್ಟರನ್ನು ಜೈಲಿಗೆ ಹಾಕಿಸುತ್ತೇನೆಂದು ಕುಣಿಯುತ್ತಿದ್ದರಂತೆ. ಗೆರೆ ನೋಡಿದರೆ ಎರಡೂ ಸಮ. "ಬಿಸಿಲು ಕುಡಿದಿದೆ ಸ್ವಾಮೀ, ಹೋಗಿ ಬಿಸಿಲಿನ ಮೇಲೆ ಕೇಸು ಹಾಕಿ ಅಂದೆ. ಮುಖ ಊದಿಸಿಕೊಂಡು ಒಳಗೆ ಹೋದ್ರು. ಆಮೇಲೆ ಟೀ ಕಳಿಸಿದ್ರು."

ಆದರೆ ಈ ಹಿತ್ತಲಿನ ಕಥೆ ಬಕೆಟ್ಟಿಗೆ ದಕ್ಕುವುದಲ್ಲ.

ಮನೆಯೊಡತಿ ನಿವೃತ್ತ ನರ್ಸ್. ಅವರ ಯಜಮಾನರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದರು. ನೀರು ಮೈಭಾರ ಹೊರುತ್ತದೆ, ಕಾಲಿಗೆ ಬಲ ಬರುತ್ತದೆ. ಅದಕ್ಕೇ ಈ ಕೊಳ: ಅಗಲ ಕಡಿಮೆ, ಎದೆಮಟ್ಟ ಆಳ, ಒಂದು ಗೋಡೆಗೆ ಉದ್ದಕ್ಕೂ ಸ್ಟೀಲಿನ ಹಿಡಿಕೆ. ಯಜಮಾನರು ಒಂದಷ್ಟು ತಿಂಗಳು ದಿನಾ ನಡೆದರು. ಕೋಲು ಬಿಟ್ಟು ಅಡುಗೆಮನೆಯ ತನಕ ಬರುವಷ್ಟಾಯಿತು.

ಆಮೇಲೆ ನೀರು ಇಳಿಯತೊಡಗಿತು. ಕಂಟ್ರಾಕ್ಟರ್ ಎರಡು ಸಲ ಬಂದು ಟೈಲ್ಸಿನ ಸಂದುಗಳಿಗೆ ಸಿಮೆಂಟು ಮೆತ್ತಿ ಹೋದರು. ಮೂರನೇ ಸಲ ಫೋನ್ ಎತ್ತಲಿಲ್ಲ. ಸಿಟ್ಟಿಗೆದ್ದ ಮನೆಯೊಡತಿ, ಬಿರುಕು ಎಲ್ಲಿದೆ ಎಂದು ಫೋಟೋ ತೆಗೆದು ತೋರಿಸಿಯೇ ಬಿಡುತ್ತೇನೆಂದು, ಕೊಳವನ್ನೇ ಖಾಲಿ ಮಾಡಿಸಿದರು. ಆ ವಾರ ಮಳೆ ಹಿಡಿಯಿತು. ನೆಲದಡಿಯ ನೀರು ಏರಿತು. ಮೇಲಿನಿಂದ ಒತ್ತಿಹಿಡಿಯುವ ಭಾರ ಇಲ್ಲದ ಖಾಲಿ ಕೊಳವನ್ನು ಅದು ಕೆಳಗಿನಿಂದ ಎತ್ತಿತು. ಅಂಚು ಬಿರಿಯಿತು. ಕಲ್ಲುಹಾಸು ಮೇಲೆದ್ದು ಹಿತ್ತಲ ಬಾಗಿಲು ಕಚ್ಚಿಕೊಂಡಿತು. ಈಗ ಅದು ತೆರೆಯುವುದಿಲ್ಲ.

"ಖಾಲಿ ಮಾಡಿದ್ದು ಅವರು," ಎನ್ನುತ್ತಾರೆ ಕಂಟ್ರಾಕ್ಟರ್.

"ಸೋರದಿದ್ರೆ ನಾನ್ಯಾಕಪ್ಪಾ ಖಾಲಿ ಮಾಡಿಸ್ತಿದ್ದೆ?" ಎನ್ನುತ್ತಾರೆ ಮನೆಯೊಡತಿ.

ಯಜಮಾನರು ಈಗ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಕುರ್ಚಿ ಹಿತ್ತಲ ಕಿಟಕಿಯ ಪಕ್ಕದಲ್ಲಿದೆ. "ನಾನು ನರ್ಸು. ನನಗೆ ಯಾರೂ ಹೇಳಬೇಕಾಗಿಲ್ಲ," ಎಂದು ಮನೆಯೊಡತಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಕೇಸು ಅಂತ ಹೋದ್ರೆ ವರ್ಷಗಟ್ಟಲೆ. ಅಷ್ಟರಲ್ಲಿ ಅವರ ಕಾಲು ನಡೆಯೋದನ್ನೇ ಮರೆತಿರುತ್ತೆ."

ಕೇಸು ಎಂದರೇನೆಂದು ಮಟ್ಟದಕ್ಕನಿಗೂ ಗೊತ್ತು. ಅವರ ಗಂಡ ಗಾರೆ ಕೆಲಸದವರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಕೊಳ, ತೊಟ್ಟಿ ಕಟ್ಟುತ್ತಿದ್ದರು. ಗಂಡ ಗಾರೆ ಬಳಿದರೆ ಇವರು ಹಿಂದೆಯೇ ಮಟ್ಟ ನೋಡಿಕೊಂಡು ಬರುತ್ತಿದ್ದರು. ಒಂದು ಮನೆಯವರು, ಹಾಕಿದ ಕಲ್ಲುಹಾಸು ಸರಿಯಿಲ್ಲ, ನೀರು ಹೊಸ್ತಿಲಿಗೆ ಬರುತ್ತದೆ ಎಂದು ಕೋರ್ಟಿಗೆ ಹೋದರು. ಕೇಸು ತಲೆಕೂದಲು ನರೆಯುವವರೆಗೆ ನಡೆಯಿತು. ಕೊನೆಗೆ ಗೆದ್ದದ್ದು ಮಟ್ಟದಕ್ಕ ದಂಪತಿಯೇ.

"ಗೆದ್ದ ಮಾರನೇ ದಿನ ಆ ಬೀದಿಯಲ್ಲೇ ಹೋಗ್ತಿದ್ದೆ. ಮಳೆ ಬಂದಿತ್ತು. ನೋಡಿದ್ರೆ ನೀರು ಹೊಸ್ತಿಲಲ್ಲೇ ನಿಂತಿದೆ. ಒಂದು ಇಟ್ಟಿಗೆ ಇಟ್ಟುಕೊಂಡಿದ್ರು. ಅದರ ಮೇಲೆ ಕಾಲಿಟ್ಟು ಮಕ್ಕಳು ಒಳಗೆ ಹಾರ್ತಿದ್ವು." ಮಟ್ಟದಕ್ಕ ಚೀಲದ ಹಿಡಿ ತಿರುಚುತ್ತಾರೆ. "ನಮ್ಮನೆಯವರನ್ನ ಕರ್ಕೊಂಡು ಹೋಗಿ ಬಾಗಿಲು ತಟ್ಟಿದೆ. ನಾವು ಗೆದ್ದಾಯ್ತು, ಈಗ ಕಲ್ಲು ಸರಿ ಮಾಡೋಣ್ವಾ ಅಂದೆ. ಆ ಮನೆಯಾಕೆ ಬಾಗಿಲು ಹಾಕ್ಕೊಂಡ್ಲು. ಆಮೇಲೆ ಅವಳೇ ತೆಗೆದ್ಲು."

ಕಲ್ಲು ಸರಿಯಾದ ಮೇಲೆ ಆ ಮನೆಯಾಕೆ ಇನ್ನೊಬ್ಬರಿಗೆ ಹೇಳಿದರು. ಕೆಲಸ ಹೀಗೆ ಶುರುವಾಯಿತು. ಗಂಡನಿಗೆ ಈಗ ಬೆನ್ನು ನೋವು, ಭಾರ ಎತ್ತುವಂತಿಲ್ಲ. ನಸುಕಿನ ಟೀ ಮಾಡುವುದು ಅವರ ಪಾಲಿನದು. "ಊರಿನ ಜಗಳವೆಲ್ಲ ತಣ್ಣಗೆ ಮಾಡ್ತಾಳೆ," ಎನ್ನುತ್ತಾರೆ ಅವರು ಲೋಟ ಕೊಡುತ್ತ. "ಮನೆ ಜಗಳಕ್ಕೆ ಮಾತ್ರ ಒಬ್ಬರನ್ನ ಕರೆಸಬೇಕು. ಯಾರಾದ್ರೂ ಇದ್ರೆ ಹೇಳಿ."

"ನಿಮ್ಮ ಪಾಲಿನ ಅರ್ಧ ಕೂಲಿ ಮೊದಲು ಇಡಿ, ಆಮೇಲೆ ಕರೆಸೋಣ," ಎನ್ನುತ್ತಾರೆ ಹೆಂಡತಿ.

ಮಟ್ಟದಕ್ಕನ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಯಾರ ತಪ್ಪನ್ನೂ ಇನ್ನೊಬ್ಬರ ಎದುರು ಹೇಳುವುದಿಲ್ಲ. ಒಬ್ಬೊಬ್ಬರನ್ನೇ ಬೇರೆ ಕರೆದು, ಅವರವರ ತಪ್ಪನ್ನು ಅವರವರಿಗೇ ತೋರಿಸುತ್ತಾರೆ. ಅದನ್ನು ಎದುರಿನವರಿಗೆ ಹೇಳಬೇಕಾದವರು ತಪ್ಪು ಮಾಡಿದವರೇ. "ನಾನೇ ಹೇಳಿದ್ರೆ ಅದು ತೀರ್ಪಾಗುತ್ತೆ. ತೀರ್ಪು ಅಂದ್ರೆ ಒಬ್ಬರು ಉರ್ಕೊಳ್ಳಲೇಬೇಕು."

ಅಂಚಿನಿಂದೆದ್ದು ಬಟ್ಟೆ ಕೊಡವಿಕೊಂಡ ಮಟ್ಟದಕ್ಕ ಮೊದಲು ಮನೆಯೊಡತಿಯನ್ನು ಅಡುಗೆಮನೆಗೆ ಕರೆದೊಯ್ಯುತ್ತಾರೆ. ಬಾಗಿಲು ಕಚ್ಚಿಕೊಂಡಿರುವುದರಿಂದ ಮನೆಯನ್ನು ಸುತ್ತಿ ಮುಂಬಾಗಿಲಿನಿಂದ ಹೋಗಬೇಕು. ಸಿಂಕಿನಲ್ಲಿ ಪಾತ್ರೆಯೊಂದನ್ನು ನೀರಿನ ಮೇಲೆ ಬಿಡುತ್ತಾರೆ. ತೇಲುತ್ತದೆ. ಅದಕ್ಕೇ ನೀರು ತುಂಬಿಸುತ್ತಾರೆ. ಮುಳುಗುತ್ತದೆ. ಮನೆಯೊಡತಿ ಪಾತ್ರೆಯನ್ನೇ ನೋಡುತ್ತ ನಿಲ್ಲುತ್ತಾರೆ.

"ಹಾಗಾದ್ರೆ ಇದು ನಾನು ಮಾಡಿದ್ದು," ಎನ್ನುತ್ತಾರೆ.

"ಅರ್ಧ," ಎನ್ನುತ್ತಾರೆ ಮಟ್ಟದಕ್ಕ. "ಉಳಿದರ್ಧ ಎಲ್ಲಿದೆ ಅಂತ ನೋಡ್ಬೇಕು."

ವಾಪಸು ಹೋಗಿ, ಏಣಿ ಇಟ್ಟು ಕೊಳಕ್ಕೆ ಇಳಿಯುತ್ತಾರೆ. ಕಂಟ್ರಾಕ್ಟರನ್ನೂ ಕೆಳಗೆ ಕರೆಯುತ್ತಾರೆ. ಗೋಡೆಯ ದೀಪದ ಹಿಂದೆ ಒದ್ದೆಯ ಕಲೆ. ನೀರು ಸೋರಿದ್ದು ಅಲ್ಲಿಂದ, ಮೆತ್ತಿದ್ದು ಬೇರೆ ಕಡೆ. ಇದಿನ್ನೂ ಸಣ್ಣದು. ಸುತ್ತಿಗೆ ಹಿಡಿದು ತಳವನ್ನು ತಟ್ಟುತ್ತ ಹೋಗುತ್ತಾರೆ, ಮಂಡಿಯೂರಿ, ಅಂಗೈ ಅಗಲದ ಜಾಗವನ್ನೂ ಬಿಡದೆ. ಆಳದ ತುದಿಯಲ್ಲಿ ಸದ್ದು ಬದಲಾಗುತ್ತದೆ.

"ಇಲ್ಲೇನಿತ್ತು?"

ಇಂಥ ಕೊಳದ ತಳದಲ್ಲಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ನೆಲದಡಿಯ ನೀರು ಒತ್ತಿದರೆ ಅದು ತಾನಾಗಿಯೇ ತೆರೆದುಕೊಂಡು ಆ ನೀರನ್ನು ಒಳಗೆ ಬಿಡುತ್ತದೆ. ಆಗ ಕೊಳ ಮೇಲೇಳುವುದಿಲ್ಲ. ಇಲ್ಲಿ ಅದರ ಮೇಲೆ ಗಾರೆ ಬಿದ್ದಿದೆ.

"ಕೆಲಸದವರು ಮುಚ್ಚಿರಬೇಕು," ಎನ್ನುತ್ತಾರೆ ಕಂಟ್ರಾಕ್ಟರ್.

"ಕೊಳ ಯಾರದ್ದು?"

"ನಂದು, ಅಕ್ಕ. ಒಬ್ಬನೇ ಒಪ್ಪಿಕೊಂಡ ಮೊದಲನೇ ಕೊಳ." ದನಿ ತಗ್ಗಿಸಿ ಸೇರಿಸುತ್ತಾರೆ. "ಆಯಮ್ಮನ ಫೋನ್ ಬಂದ್ರೆ ಏನು ಹೇಳೋದು ಅಂತಾನೇ ಗೊತ್ತಾಗ್ತಿರಲಿಲ್ಲ. ಅದಕ್ಕೇ ಎತ್ತಲಿಲ್ಲ."

ಮಟ್ಟದಕ್ಕ ಉಳಿಯನ್ನು ಅವರ ಕೈಗಿಡುತ್ತಾರೆ. "ನೀನು ಮುಚ್ಚಿದ್ದು, ನೀನೇ ತೆಗಿ."

ನಾಲ್ಕು ಏಟಿಗೆ ಗಾರೆ ಬಿರಿಯುತ್ತದೆ. ಐದನೆಯದಕ್ಕೆ ಕೆಳಗಿನಿಂದ ನೀರು ಉಕ್ಕುತ್ತದೆ, ಮಣ್ಣುಬಣ್ಣದ್ದು, ಬೆರಳು ದಪ್ಪದ ಬುಗ್ಗೆ. ಕಂಟ್ರಾಕ್ಟರ ಬೂಟು ತೋಯುತ್ತದೆ. ಒಣ ಎಲೆಗಳು ತೇಲತೊಡಗುತ್ತವೆ, ಒಂಟಿ ಚಪ್ಪಲಿಯೂ.

"ಅಯ್ಯೋ! ನೀರು ಎಲ್ಲಿಂದ ಬಂತು?" ಮೇಲಿನಿಂದ ಮನೆಯೊಡತಿ ಬಗ್ಗಿ ಕೇಳುತ್ತಾರೆ.

"ಅವನನ್ನೇ ಕೇಳಿ, ಅಮ್ಮಾ," ಎಂದು ಮಟ್ಟದಕ್ಕ ಏಣಿ ಹತ್ತಿ, ದೂರದ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯುತ್ತಾರೆ. ತುಂಬ ಹೊತ್ತು ತೊಳೆಯುತ್ತಾರೆ. ಆ ಕಡೆ ತಿರುಗಿಯೂ ನೋಡುವುದಿಲ್ಲ.

ಕೊಳದ ಒಳಗಿನಿಂದ ಒಂದು ದನಿ ತಡವರಿಸುತ್ತ ಏನೋ ಹೇಳುತ್ತದೆ. ಮೇಲಿನಿಂದ ಇನ್ನೊಂದು ದನಿ ಏರುತ್ತದೆ, ನಿಲ್ಲುತ್ತದೆ. ಆಮೇಲೆ ಸ್ಪಷ್ಟವಾಗಿ ಕೇಳಿಸುವುದು ಇದಿಷ್ಟೇ: "ನಾನೂ ಯಾರನ್ನೂ ಕೇಳದೆ ಖಾಲಿ ಮಾಡಿಸಿದೆ. ಅದು ನಂದು. ಆದ್ರೆ ಫೋನ್ ಎತ್ತಬೇಕಿತ್ತಲ್ಲೋ!"

"ಎತ್ತಬೇಕಿತ್ತು, ಅಮ್ಮಾ."

ಕಿಟಕಿಯಿಂದ ಯಜಮಾನರ ದನಿ ಬರುತ್ತದೆ. "ನಿಮ್ಮ ಸಭೆ ಮುಗೀತಾ? ನನಗೆ ಇಲ್ಲಿಂದ ಬರೀ ತಲೆಗಳು ಕಾಣಿಸ್ತಿವೆ."

ಒಪ್ಪಂದ ಅಲ್ಲೇ, ನಿಂತ ನಿಲುವಿನಲ್ಲೇ ಆಗುತ್ತದೆ. ಬೇಕಾದ ಸಾಮಾನು ಮನೆಯೊಡತಿಯದು. ಕೆಲಸ ಕಂಟ್ರಾಕ್ಟರದು, ಕೆಲಸದವರ ಕೈಗೆ ಬಿಡದೆ ತಾವೇ ನಿಂತು ಮಾಡಬೇಕು. ಎಲ್ಲಕ್ಕಿಂತ ಮೊದಲು ಬಾಗಿಲ ಮುಂದಿನ ಕಲ್ಲು. "ಮನುಷ್ಯ ಹೊರಗೆ ಬರ್ಲಿ. ಕೊಳ ಆಮೇಲೆ," ಎನ್ನುತ್ತಾರೆ ಮಟ್ಟದಕ್ಕ. ಬಾಗಿಲು ಆ ಸಂಜೆಯೇ ತೆರೆಯುತ್ತದೆ.

ಎದ್ದ ಕೊಳ ಪೂರ್ತಿ ಕೆಳಗೆ ಕೂರುವುದಿಲ್ಲ. ಒಂದು ಬೆರಳಿನಷ್ಟು ಹಾಗೇ ಉಳಿಯುತ್ತದೆ, ಕಲ್ಲುಹಾಸನ್ನು ಅದಕ್ಕೆ ಹೊಂದಿಸಿ ಹೊಸದಾಗಿ ಹಾಕಬೇಕಾಗುತ್ತದೆ. ಇದನ್ನೂ ಮಟ್ಟದಕ್ಕ ಮೊದಲೇ ಹೇಳಿರುತ್ತಾರೆ. "ಹೊಸದರ ಹಾಗೆ ಆಗಲ್ಲ. ನೆಟ್ಟಗೆ ಆಗುತ್ತೆ." ನಡುವೆ ಮತ್ತೆ ಮಳೆ ಬಂದು ಕೆಲಸ ನಿಲ್ಲುತ್ತದೆ. ಒಂದು ದಿನ ಮನೆಯೊಡತಿ ಫೋನ್ ಮಾಡಿದಾಗ ಕಂಟ್ರಾಕ್ಟರ್ ಮೊದಲ ರಿಂಗಿಗೇ ಎತ್ತಿದರಂತೆ. ಏನು ಕೇಳಬೇಕೆಂದಿದ್ದೆ ಎಂಬುದೇ ಆಕೆಗೆ ಮರೆತುಹೋಯಿತಂತೆ.

ಕೊನೆಯ ಭೇಟಿಯೂ ನಸುಕಿನಲ್ಲೇ. ಕೊಳ ತುಂಬಿದೆ. ಹಿಂದಿನ ದಿನ ಮೆಟ್ಟಿಲ ಮೇಲಿಟ್ಟ ನೀಲಿ ಬಕೆಟ್ಟು ಅಲ್ಲೇ ಇದೆ. ಮಟ್ಟದಕ್ಕ ಬಗ್ಗಿ ಎರಡು ಗೆರೆಗಳನ್ನೂ ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಸಮ.

"ಇಳಿಸಿ," ಎನ್ನುತ್ತಾರೆ.

ಯಜಮಾನರು ಹಿತ್ತಲ ಬಾಗಿಲಿನಿಂದ ಹೆಂಡತಿಯ ತೋಳು ಹಿಡಿದು ಬರುತ್ತಾರೆ. ಮೆಟ್ಟಿಲು ಇಳಿಯುವಾಗ ಉಸಿರು ಬಿಗಿಹಿಡಿಯುತ್ತಾರೆ. ನೀರು ಎದೆಗೆ ಬಂದ ಮೇಲೆ ಬಿಡುತ್ತಾರೆ. ಹಿಡಿಕೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಕಾಲು ಏಳುವುದಿಲ್ಲ. ಕಂಟ್ರಾಕ್ಟರ್ ಬಟ್ಟೆ ಸಮೇತ ನೀರಿಗಿಳಿದು, ಎರಡು ಮಾರು ಮುಂದೆ ಹೋಗಿ ಕೈ ಚಾಚುತ್ತಾರೆ. ಯಜಮಾನರ ಬಲಗಾಲು ಜರುಗುತ್ತದೆ. ಆಮೇಲೆ ಎಡಗಾಲು.

"ನೀನು ಸ್ವಲ್ಪ ಹಿಂದೆ ಹೋಗಪ್ಪಾ," ದಡದಿಂದ ಮನೆಯೊಡತಿ ಕೂಗುತ್ತಾರೆ. "ಅವರೇ ನಿನ್ನ ಹತ್ರ ಬರ್ಲಿ."

ಅವರು ಹಿಂದೆ ಹೋಗುತ್ತಾರೆ. ಯಜಮಾನರು ಮುಂದೆ ಬರುತ್ತಾರೆ. ಇನ್ನೂ ಸ್ವಲ್ಪ ಹಿಂದೆ.

ಈ ಗಲಾಟೆಯಲ್ಲಿ ಮಟ್ಟದಕ್ಕ ಬಕೆಟ್ಟಿನ ನೀರನ್ನು ಗಿಡದ ಬುಡಕ್ಕೆ ಸುರಿದು, ಚೀಲ ಹೆಗಲಿಗೇರಿಸಿ ಗೇಟು ದಾಟಿದ್ದನ್ನು ಯಾರೂ ನೋಡುವುದಿಲ್ಲ. ಇನ್ನೊಂದು ಬೀದಿಯಲ್ಲಿ ಇನ್ನೊಂದು ಹಿತ್ತಲು ಕಾದಿದೆ. ಅಲ್ಲಿ ಮಾವ ಅಳಿಯನ ಕೈಲೇ ಕೊಳ ಕಟ್ಟಿಸಿದ್ದಾರಂತೆ. "ಅದು ತಿಂಗಳ ಕೆಲಸ," ಎಂದು ನಿಟ್ಟುಸಿರು ಬಿಡುತ್ತಾರೆ.

ಹೋಗುತ್ತ ಹೋಗುತ್ತ, ಒಂದು ಆಸೆಯಿದೆ ಎನ್ನುತ್ತಾರೆ. "ಇಷ್ಟು ಕೊಳಕ್ಕೆ ಇಳಿದಿದ್ದೀನಲ್ಲ, ಎಲ್ಲಾ ಖಾಲಿ ಇದ್ದಾಗಲೇ. ತುಂಬಿದ್ದರಲ್ಲಿ ಒಂದು ಸಲ ನಿಂತು ನೋಡ್ಬೇಕು. ಈಜು ಬರಲ್ಲ. ಸುಮ್ನೆ ನಿಲ್ಲೋದು."

ಹಾಗಾದರೆ ಆ ಮನೆಯವರು ಯಾಕೆ ನೀರಿಗೆ ಕರೆಯಲಿಲ್ಲ ಎಂಬ ಪ್ರಶ್ನೆಗೆ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತಾರೆ.

"ತುಂಬಿದ ಮೇಲೆ ನನ್ನ ನೆನಪು ಯಾರಿಗಿರುತ್ತೆ? ಮರೆತಿದ್ದಾರೆ ಅಂದ್ರೆ ಸೋರ್ತಾ ಇಲ್ಲ ಅಂತ ತಾನೆ?"