ನಾಲ್ಕನೆಯ ಎಲೆ

ಕ್ಷೌರದಂಗಡಿಯವನನ್ನು ಇಸ್ಪೀಟಿನ ಗೆಳೆಯರು ಬಿಡಪ್ಪ ಎಂದೇ ಕರೆಯುತ್ತಿದ್ದರು. ಬಂದ ಎಲೆಗಳನ್ನು ಒಮ್ಮೆ ನೋಡಿ, ಮೂಗು ಮುರಿದು, "ಬಿಡಪ್ಪಾ, ಇದು ಆಡೋ ಕೈಯಲ್ಲ" ಎಂದು ಕೆಳಗಿಡುವುದರಲ್ಲಿ ಅವನದು ಎತ್ತಿದ ಕೈ.

ಮಂಗಳವಾರ ಅಂಗಡಿಗೆ ರಜೆ. ಅಂದು ಮಧ್ಯಾಹ್ನ ಕ್ಷೌರದ ಕುರ್ಚಿಯನ್ನು ಗೋಡೆಗೆ ಸರಿಸಿ, ಸ್ಟೂಲಿನ ಮೇಲೊಂದು ಹಲಗೆ ಹಾಕಿ ನಾಲ್ವರು ಕೂರುತ್ತಿದ್ದರು: ಅವನು, ಗಡಿಯಾರ ರಿಪೇರಿಯವನು, ಔಷಧಿ ಅಂಗಡಿಯವನು, ಜೊತೆಗೆ ಬಿಡಪ್ಪನ ಹೆಂಡತಿಯ ತಮ್ಮ. ಈ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಟ ಒಮಾಹಾ, ಪೋಕರ್‌ನ ಒಂದು ಬಗೆ. ಪಣ ಬೆಂಕಿಕಡ್ಡಿ, ಹಲಗೆಯ ಮೇಲೆ ಎಷ್ಟು ಕಡ್ಡಿ ಸೇರಿವೆಯೋ ಅಷ್ಟರವರೆಗೆ ಏರಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಎಲೆ. ಕೊನೆಗೆ ಅದರಲ್ಲಿ ಎರಡನ್ನು ಹಲಗೆಯ ಮೇಲಿನ ಐದರಲ್ಲಿ ಮೂರಕ್ಕೆ ಕೂಡಿಸಬೇಕು. ನಾಲ್ಕು ಎಲೆ ಕೈಯಲ್ಲಿದ್ದರೆ ಎಂಥವನಿಗೂ ಆಸೆ ಹುಟ್ಟುತ್ತದೆ. ಬಿಡಪ್ಪನಿಗೆ ಹುಟ್ಟುತ್ತಿರಲಿಲ್ಲ. ನಾಲ್ಕೂ ಒಂದಕ್ಕೊಂದು ಆಗಿಬರಬೇಕು. ಮೂರು ಸೊಗಸಾಗಿದ್ದು ಒಂದು ಒಂಟಿಯಾದರೂ ಆ ಕೈ ಅವನಿಗೆ ಬೇಡ.

ಭಾವಮೈದನೋ ಸಿಕ್ಕಿದ್ದನ್ನೆಲ್ಲ ಆಡುವವನು. ಸೋತರೂ ನಗು, ಗೆದ್ದರೂ ನಗು. ಹದಿನೆಂಟು ವರ್ಷ ಅವನಿಗೆ ಎಲೆ ಆರಿಸುವುದನ್ನು ಹೇಳಿಕೊಟ್ಟು ಬಿಡಪ್ಪನ ಬಾಯಿ ಒಣಗಿತ್ತು.

ಒಂದು ಮಂಗಳವಾರ ಬಿಡಪ್ಪನಿಗೆ ಬಂದದ್ದು ಎರಡು ಎಕ್ಕ, ಎರಡು ಹತ್ತು. ಒಂದು ಎಕ್ಕ, ಒಂದು ಹತ್ತು ಕೆಂಪು ಆಟೀನು; ಉಳಿದೆರಡು ಕರಿ ಇಸ್ಪೀಟು. ಅಂಥ ಕೈ ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಏರಿಸಿದ. ಹಲಗೆಯ ಮೇಲೂ ಮೂರು ಆಟೀನು ಬಿದ್ದು, ಅವನ ಎರಡೂ ಸೇರಿ ಐದಾದವು. ಇದ್ದಬದ್ದ ಕಡ್ಡಿಯನ್ನೆಲ್ಲ ಹಾಕಿದ. ಭಾವಮೈದ ಎಲೆ ಬಿಚ್ಚಿದ: ರಾಜ, ರಾಣಿ, ಗುಲಾಮ, ಎಲ್ಲಿಂದಲೋ ಬಂದು ಸೇರಿದ ಒಂದು ಏಳು. ಹಲಗೆಯ ಮೇಲೆ ಒಂದು ರಾಜ, ಏಳರ ಎಲೆ ಎರಡು. ಮೂರು ಏಳು, ಎರಡು ರಾಜ ಕೂಡಿದರೆ ಒಂದೇ ಗುರುತಿನ ಐದಕ್ಕಿಂತ ಮೇಲು; ಬಿಡಪ್ಪನ ಆಟೀನುಗಳನ್ನು ನುಂಗಿಹಾಕಿದವು.

ಔಷಧಿಯವನು ಕಿಸಕ್ಕನೆ ನಕ್ಕ. ಬಿಡಪ್ಪನ ಪಿತ್ತ ನೆತ್ತಿಗೇರಿತು.

"ಗೆದ್ರೆ ಏನಾಯ್ತೋ? ಆ ಏಳನ್ನ ಇಟ್ಕೊಂಡು ಯಾರಾದ್ರೂ ಆಡ್ತಾರಾ? ನೀನೂ ಅಂಥಾ ಎಲೇನೇ. ನಾವು ಮೂರು ಜನ ಸರಿಯಾಗಿದ್ದೀವಿ, ನಿನ್ನ ಅಕ್ಕನ ಮುಖ ನೋಡಿ ಇಟ್ಕೊಂಡಿದ್ದೀನಿ ಅಷ್ಟೇ!"

ಬೆಂಕಿಕಡ್ಡಿಯ ಆಟಕ್ಕೆ ಇಷ್ಟು ಮಾತು! ಭಾವಮೈದ ಗೆದ್ದ ಕಡ್ಡಿಗಳನ್ನು ಪೆಟ್ಟಿಗೆಗೆ ತುಂಬಿ, ಭಾವನ ಮುಂದಿಟ್ಟು, ಚಪ್ಪಲಿ ಮೆಟ್ಟಿ ಹೊರಟ.

ತಾನಾಗೇ ಬರುತ್ತಾನೆ ಎಂದುಕೊಂಡ ಬಿಡಪ್ಪ. ಬರಲಿಲ್ಲ. "ನೀವೇ ಹೋಗಿ ಕರೀರಿ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಹೆಂಡತಿ ಹೇಳಿ ಹೇಳಿ ಸುಮ್ಮನಾದಳು. ಆರು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಭಾವಮೈದನ ಬೆನ್ನು ಕಂಡಿತು. ಎಡಗಿವಿಯ ಹಿಂದೆ ಕೂದಲು ಏರುಪೇರಾಗಿತ್ತು. ಅಲ್ಲೊಂದು ಸುಳಿ ಇದೆ, ಕತ್ತರಿಯನ್ನು ಅಡ್ಡ ಹಿಡಿಯಬೇಕು. ಅದು ಬಿಡಪ್ಪನಿಗೆ ಮಾತ್ರ ಗೊತ್ತಿತ್ತು. ಅಲ್ಲಿ ಬೇರೆಯವನ ಕತ್ತರಿ ಆಡಿತ್ತು. ಬಸ್ ಬಂದು ಭಾವಮೈದ ಹತ್ತಿಹೋಗುವವರೆಗೂ ಬಿಡಪ್ಪ ಆ ಕೂದಲನ್ನೇ ನೋಡುತ್ತ ನಿಂತ.

ಮರುದಿನವೇ ಡಿಪೋಗೆ ಹೋದ.

"ಅವತ್ತು ನಾನಂದಿದ್ದು ತಪ್ಪು ಕಣೋ. ಬಾ."

ಭಾವಮೈದ ಬಟ್ಟೆಚೂರಿನಿಂದ ಕೈಯ ಗ್ರೀಸು ಒರೆಸಿಕೊಂಡ. "ಅಯ್ಯೋ, ಅದನ್ನಿನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀರಾ ಭಾವ? ನಂಗೇನೂ ಕೋಪ ಇಲ್ಲ. ಇಲ್ಲೇ ಊಟದ ಹೊತ್ತಲ್ಲಿ ಡ್ರೈವರ್‌ಗಳ ಜೊತೆ ಆಡ್ತೀನಿ. ನೀವು ಹೇಳಿಕೊಟ್ಟ ಹಾಗೇ ಆರಿಸಿ ಆಡ್ತೀನಿ ಈಗ. ಹೊಂದದೇ ಇರೋ ಕಡೆ ಕೂರಲ್ಲ."

ಅದರಲ್ಲಿ ಕುಹಕವಿರಲಿಲ್ಲ. ಹದಿನೆಂಟು ವರ್ಷ ತಲೆಗೆ ಹತ್ತದ ಪಾಠ ಹತ್ತಿಬಿಟ್ಟಿತ್ತು, ಅಷ್ಟೇ. ತಾನು ಯಾಕಾದರೂ ಅದನ್ನು ಕಲಿಸಿದೆನೋ ಎಂದು ಬಿಡಪ್ಪ ಮರುಗಿದ.

"ಕೂದಲಾದ್ರೂ... ಕಿವಿ ಹಿಂದೆ ಸ್ವಲ್ಪ ಸರಿ ಮಾಡ್ಲಾ?"

"ಬೇಡ ಭಾವ, ಮೊನ್ನೆ ತಾನೇ ಮಾಡಿಸ್ದೆ. ಅಕ್ಕನ್ನ ಕೇಳ್ದೆ ಅಂತ ಹೇಳಿ."

ಜೇಬಿನಲ್ಲಿ ತಂದಿದ್ದ ಕತ್ತರಿಯನ್ನು ಬಿಡಪ್ಪ ಹೊರಗೆ ತೆಗೆಯಲೇ ಇಲ್ಲ.