ತುರುಬು ಬಿಚ್ಚಿದ ಬೇಸಿಗೆ

ಆಗೆಲ್ಲ ಕೊಳ್ಳೇಗಾಲದ ನಮ್ಮ ಬೀದಿಯ ಮಕ್ಕಳಿಗೆ ಆಟದ ಸಾಮಾನು ಕೊಡಿಸುವ ಗೋಜೇ ಇರಲಿಲ್ಲ. ಬೀದಿಯ ತುದಿಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಫ್ಯಾಕ್ಟರಿಯಿತ್ತು. ಅಲ್ಲಿಂದ ಎಸೆದ ಮುರುಕು ಬಾಬಿನ್ನುಗಳೇ ನಮ್ಮ ಗಾಡಿಯ ಚಕ್ರ, ನಮ್ಮ ಬೊಂಬೆಯ ಸೊಂಟ. ಪಕ್ಕದ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸಿದ ನೀರಿನ ಗಬ್ಬು ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಉಪ್ಸಾರಿನ ವಾಸನೆಯಷ್ಟೇ ಸಲೀಸು.

ಅಪ್ಪನ ತಂಗಿ ಮಾದೇವತ್ತೆ ಆ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಹಿಂದಿನ ವರ್ಷ ಟೈಫಾಯಿಡ್ ಬಂದು ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿತ್ತು. ಅಜ್ಜಿ ಸಂತೆಯಿಂದ ಒಂದು ಚೌರಿ ತಂದುಕೊಟ್ಟಳು. ಉಳಿದ ನಾಲ್ಕೆಳೆ ಕೂದಲಿಗೆ ಅದನ್ನು ಸೇರಿಸಿ ಅತ್ತೆ ದಿನಾ ದೊಡ್ಡ ತುರುಬು ಕಟ್ಟುತ್ತಿದ್ದಳು. ಯಳಂದೂರಿನ ಹತ್ತಿರದ ಅಗರದಿಂದ ಅವಳಿಗೊಂದು ಸಂಬಂಧ ಕೇಳಿಕೊಂಡು ಬಂದಿತ್ತು. ಗಂಡಿನ ತಾಯಿ ಮೆಚ್ಚಿಕೊಂಡದ್ದೂ ಆ ತುರುಬನ್ನೇ. ಯುಗಾದಿ ಕಳೆದ ಮೇಲೆ ಮಾತು ಮುಗಿಸುವುದೆಂದಾಗಿತ್ತು. ಚೌರಿಯ ವಿಚಾರ ಹೊರಗೆ ಬಾಯಿ ಬಿಡಬಾರದೆಂದು ಅಜ್ಜಿ ನನ್ನಿಂದ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡಿದ್ದಳು.

ಶಿವರಾತ್ರಿ ಆದಮೇಲೆ ಫ್ಯಾಕ್ಟರಿಗೆ ಹೊಸ ಮೇನೇಜರ್ ಬಂದ. ಧಣಿಯ ಅಳಿಯನಂತೆ. ಕೊಟ್ಟ ನೂಲಿಗೂ ವಾಪಸು ಬಂದ ಹುರಿಗೂ ತೂಕ ತಾಳೆಯಾಗುತ್ತಿಲ್ಲ, ಹೆಂಗಸರಲ್ಲೇ ಯಾರೋ ಕದಿಯುತ್ತಿದ್ದಾರೆ ಎಂದ. ಸಂಜೆ ಗೇಟಿನಲ್ಲಿ ಎಲ್ಲರೂ ಸೆರಗು ಕೊಡವಬೇಕು, ತುರುಬು ಬಿಚ್ಚಿ ತೋರಿಸಬೇಕು ಎಂದು ಹುಕುಂ ಮಾಡಿದ. ನೋಡುವುದಕ್ಕೆ ನಂಜಮ್ಮ ಎಂಬ ಹಿರಿಯ ಕೆಲಸದಾಕೆಯನ್ನು ನಿಲ್ಲಿಸಿದ.

ಅಲ್ಲಿಗೆ ನಮ್ಮ ಬೀದಿಯ ನೆಮ್ಮದಿ ಎಕ್ಕುಟ್ಟಿಹೋಯಿತು. ಯಾರ ಕೈಗಾದರೂ ಹೊಸ ಬಳೆ ಬಂದರೆ, ಇವಳಿಗೆ ಎಲ್ಲಿಂದ ಬಂತು ಎನ್ನುವರು. ಮಧ್ಯಾಹ್ನ ಬಾಗಿಲು ಹಾಕಿಕೊಂಡರೆ, ಒಳಗೆ ಏನು ಬಚ್ಚಿಡುತ್ತಿದ್ದಾಳೆ ಎನ್ನುವರು. ಒಂದೇ ಒರಳಲ್ಲಿ ರುಬ್ಬುತ್ತಿದ್ದವರು ಒಬ್ಬರ ಮಡಿಲನ್ನೊಬ್ಬರು ಓರೆಗಣ್ಣಲ್ಲಿ ನೋಡತೊಡಗಿದರು. ಅಜ್ಜಿ ನನ್ನ ಬೊಂಬೆಗೆ ಸುತ್ತಿದ್ದ ರೇಷ್ಮೆ ಎಳೆಯನ್ನೂ ಕಿತ್ತು ಒಲೆಗೆ ಹಾಕಿದಳು. ನಾನು ಅತ್ತು ರಂಪ ಮಾಡಿದೆ.

ಅತ್ತೆ ಮಾತ್ರ ತುರುಬು ಬಿಚ್ಚಲಿಲ್ಲ. ಒಂದು ದಿನ ತಲೆನೋವೆಂದಳು, ಇನ್ನೊಂದು ದಿನ ಗುಂಪಿನಲ್ಲಿ ನುಸುಳಿ ಬಂದಳು, ಮತ್ತೊಂದು ದಿನ ಕೆಲಸಕ್ಕೇ ಹೋಗಲಿಲ್ಲ. ಜನ ಸುಮ್ಮನಿರುತ್ತಾರೆಯೇ? ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪಿತ್ತು. ಪಂಕ್ಚರ್ ಹಾಕಿಸಲು ಬಂದವರೆಲ್ಲ, ನಿನ್ ತಂಗಿ ತುರುಬು ಬರ್ತಾ ಬರ್ತಾ ದಪ್ಪ ಆಯ್ತಾದಲ್ಲ ಎಂದು ನಗುತ್ತಿದ್ದರಂತೆ.

ಒಂದು ಸಂಜೆ ಅಪ್ಪ ಬಂದವನೇ ಚಪ್ಪಲಿ ಕೂಡ ಬಿಡದೆ ಒಳಗೆ ಹೋಗಿ ಅತ್ತೆಯ ತಗಡಿನ ಪೆಟ್ಟಿಗೆ ತೆರೆದ. ಆಗ ನಮ್ಮ ಮನೆಯ ಯಾವ ಪೆಟ್ಟಿಗೆಗೂ ಬೀಗವಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ನಾನ್ಯಾಕೆ ತಲೆ ಬಿಚ್ಚಕಿಲ್ಲ ಅಂತ ನಿಂಗೆ ಗೊತ್ತಲ್ವಾ?"

"ಗೊತ್ತು ಕಣಮ್ಮಿ. ಆದ್ರೂ ಒಂದ್ಸಲ ನೋಡ್ಬುಟ್ರೆ ನಂಗೂ ಸಮಾಧಾನ."

ಸೀರೆಗಳ ಅಡಿಯಲ್ಲಿ ಬಟ್ಟೆಯ ಗಂಟೊಂದು ಮೆತ್ತಗೆ ಅವನ ಕೈಗೆ ಸಿಕ್ಕಿತು. ಅಪ್ಪನ ಮುಖ ಕಪ್ಪಿಟ್ಟಿತು. ಗಂಟು ಬಿಚ್ಚಿದ. ಒಳಗಿದ್ದದ್ದು ಜ್ವರದಲ್ಲಿ ಉದುರಿದ ಅವಳದೇ ಕೂದಲು. ಬಿಸಾಡಲು ಮನಸ್ಸಾಗದೆ ಎತ್ತಿಟ್ಟುಕೊಂಡಿದ್ದಳು. ಅಪ್ಪ ಅದನ್ನು ಹೇಗೋ ಮಡಿಸಿ ಒಳಗಿಟ್ಟು ಅಂಗಡಿಗೆ ಹೊರಟುಹೋದ. ಆ ದಿನ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಾರನೆಯ ಸಂಜೆ ನಾವು ಮಕ್ಕಳು ಫ್ಯಾಕ್ಟರಿ ಗೇಟಿನೆದುರು ಕುಂಟೆಬಿಲ್ಲೆ ಆಡುತ್ತಿದ್ದೆವು. ಹೆಂಗಸರ ಸಾಲಿನಲ್ಲಿ ಅತ್ತೆ ಎಲ್ಲರಿಗಿಂತ ಮುಂದಿದ್ದಳು. ಯಾರೂ ಕೇಳುವ ಮೊದಲೇ ತುರುಬು ಬಿಚ್ಚಿ, ಚೌರಿಯನ್ನು ಕಳಚಿ ನಂಜಮ್ಮನ ಕೈಯಲ್ಲಿಟ್ಟಳು. ಅವಳ ಬೋಳುಬೋಳಾದ ನೆತ್ತಿ ಬಿಸಿಲಿಗೆ ಕಂಡಿತು.

"ಚೆನ್ನಾಗ್ ಉಡುಕಿ ನೋಡಕ್ಕ. ನಮ್ಮಣ್ಣನೂ ನೋಡವ್ನೆ."

ನಂಜಮ್ಮ ತಲೆ ತಗ್ಗಿಸಿದಳು. ಚೌರಿಯನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ವಾರ ಕಳೆಯುವುದರೊಳಗೆ, ಜಾತಕ ಕೂಡಲಿಲ್ಲ ಎಂದು ಅಗರದವರು ಹೇಳಿಕಳಿಸಿದರು. ಮೊದಲು ಕೂಡಿದ್ದ ಜಾತಕವೇ ಅದು.

ಮಳೆ ಹಿಡಿಯುತ್ತಲೇ ತೂಕ ತಾನಾಗಿಯೇ ಸರಿಹೋಯಿತು. ರೇಷ್ಮೆ ಮಳೆಗಾಲದಲ್ಲಿ ಥಂಡಿ ಕುಡಿದು ಭಾರವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಹಗುರವಾಗುತ್ತದೆ. ಮಳೆಯಲ್ಲಿ ಕೊಂಡಿಟ್ಟ ನೂಲನ್ನು ಕಾದ ಶೀಟಿನ ಶೆಡ್ಡಿನಲ್ಲಿ ಹುರಿ ಹಾಕಿಸಿ, ತಕ್ಕಡಿಯ ಮಾತು ಕೇಳಿ ನಮ್ಮ ಹೆಂಗಸರ ತಲೆ ಬಿಚ್ಚಿಸಿದ್ದ ಆ ಪುಣ್ಯಾತ್ಮ. ಹಳೆಯ ಮೇನೇಜರ್ ಪ್ರತಿ ಬೇಸಿಗೆಯಲ್ಲೂ ಅಷ್ಟನ್ನು ಬಿಟ್ಟೇ ಲೆಕ್ಕ ಹಾಕುತ್ತಿದ್ದನಂತೆ. ಗೇಟಿನ ತಪಾಸಣೆ ನಿಂತಿತು. ತಪ್ಪಾಯಿತು ಎನ್ನಲು ಫ್ಯಾಕ್ಟರಿಯಿಂದ ಯಾರೂ ಬರಲಿಲ್ಲ. ನಮ್ಮ ಮನೆಯೊಳಗೂ ಯಾರೂ ಅನ್ನಲಿಲ್ಲ.

ಮುಂದಿನ ಸಂಬಳದಲ್ಲಿ ಅತ್ತೆ ಪೆಟ್ಟಿಗೆಗೆ ಒಂದು ಬೀಗ ತಂದಳು.

ಈಗ ಆ ಫ್ಯಾಕ್ಟರಿಯ ಜಾಗದಲ್ಲಿ ಸಿಮೆಂಟಿನ ಗೋಡೌನಿದೆ. ಮಿಷನ್ನಿನ ಸದ್ದು ಹೋಯಿತು, ಕೊಳ್ಳೇಗಾಲದ ಕಳೆ ಹೋಯಿತು ಎಂದು ಊರಿನವರು ಮರುಗುತ್ತಾರೆ. ಮರುಗಲಿ. ನನ್ನ ಹೊಟ್ಟೆ ಉರಿಯುವುದು ಬೀಗವಿಲ್ಲದ ಆ ಪೆಟ್ಟಿಗೆಗಾಗಿ. ಅತ್ತೆ ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಮೊನ್ನೆ ಅವಳನ್ನು ನೋಡಲು ಹೋಗಿದ್ದೆ. ಜಗಲಿಯಲ್ಲಿ ಕೂತು ಮಾತಾಡುತ್ತ, ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೊರಟೆ. ಹೊಸಿಲಲ್ಲಿ ಯಾಕೋ ತಿರುಗಿ ನೋಡಿದೆ. ನನ್ನನ್ನು ಎತ್ತಿ ಆಡಿಸಿದ ಮಾದೇವತ್ತೆ, ಕೀಲಿ ಇದೆಯೇ ಎಂದು ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು.